ಷಡ್ಡಕನ ಕಾರು, ಬೇಕರಿಯವನ ಷೇರು

ಷಡ್ಡಕ ಹೊಸ ಕಾರು ತಂದು ಬೇಕರಿಯ ಬಾಗಿಲಿಗೇ ನಿಲ್ಲಿಸಿದ ದಿನ ಬೇಕರಿಯವನಿಗೆ ಊಟ ಸೇರಲಿಲ್ಲ. ಬೇರೆ ಯಾರು ಕಾರು ಕೊಂಡರೂ ‘ಸಂತೋಷ’ ಎಂದುಬಿಡಬಹುದು. ಹೆಂಡತಿಯ ತಂಗಿಯ ಗಂಡ ಕೊಂಡರೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

“ಹೇಗಿದೆ ಭಾವ?” ಎಂದ ಷಡ್ಡಕ, ಬೆರಳಲ್ಲಿ ಬೀಗದ ಕೈ ತಿರುಗಿಸುತ್ತಾ. ಅವನದು ಡ್ರೈವಿಂಗ್ ಸ್ಕೂಲು. “ಎಲ್ಲಾ ಷೇರಿನ ಮಹಿಮೆ. ವಾಟ್ಸಾಪ್ ಗುಂಪಲ್ಲಿ ಒಂದು ಕಂಪನಿ ಹೆಸರು ಕೊಟ್ರು, ಕಣ್ಣು ಮುಚ್ಕೊಂಡು ತಗೊಂಡೆ. ಮೂರು ಪಟ್ಟಾಗಿದೆ! ನೀವಿನ್ನೂ ಆ ಸೋಪು, ಸಿಮೆಂಟು ಕಂಪನಿಗಳ ಷೇರನ್ನೇ ಹಿಡ್ಕೊಂಡು ಕೂತಿದೀರಾ?”

ಬೇಕರಿಯವನು ಹಲ್ಲು ಕಿರಿದ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಅವನೂ ಷೇರು ಕೊಂಡವನೇ. ಮಗಳು ಇನ್ನೂ ಒಂದನೇ ಕ್ಲಾಸು. ಅವಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಇರಲಿ ಎಂದು, ಮನೆ ಖರ್ಚು ಕಳೆದು, ಕಷ್ಟಕಾಲಕ್ಕೆ ಬ್ಯಾಂಕಿನಲ್ಲಿ ಇಡುವುದನ್ನು ಇಟ್ಟು, ಉಳಿದದ್ದರಲ್ಲಿ ತಿಂಗಳು ತಿಂಗಳು ನಾಲ್ಕಾರು ಹಳೆಯ ಕಂಪನಿಗಳ ಷೇರು ಕೊಳ್ಳುತ್ತಿದ್ದ. ಅವು ಒಮ್ಮೆ ಏರುತ್ತಿದ್ದವು, ಒಮ್ಮೆ ಇಳಿಯುತ್ತಿದ್ದವು, ಒಟ್ಟಿನಲ್ಲಿ ಆಮೆ ನಡಿಗೆಯಲ್ಲಿ ಮುಂದೆ ಹೋಗುತ್ತಿದ್ದವು. ಷಡ್ಡಕನ ಷೇರು ಕುದುರೆಯ ಹಾಗೆ ಓಡುತ್ತಿತ್ತು.

ಅಂದಿನಿಂದ ಬೇಕರಿಯವನ ಕಣ್ಣು ಫೋನಿನ ಮೇಲೆಯೇ. ಆ ಕಂಪನಿಯ ಬೆಲೆ ಏರಿದರೆ ಸಂಕಟ, ಇಳಿದರೆ ಸ್ವಲ್ಪ ಸಮಾಧಾನ. ಒಂದು ದಿನ ಷೇರು ಮಾರುಕಟ್ಟೆ ತೆರೆಯುವುದರೊಳಗೆ ಕೆಲಸ ಮುಗಿಸಬೇಕೆಂದು, ಇನ್ನೂ ಉಬ್ಬದ ಹಿಟ್ಟನ್ನೇ ಒಲೆಗೆ ತಳ್ಳಿದ.

“ಇದೇನ್ರೀ, ಬ್ರೆಡ್ಡೋ ಇಟ್ಟಿಗೆನೋ?” ಎಂದು ಹೆಂಡತಿ ಒಂದನ್ನು ಮೇಜಿಗೆ ಕುಟ್ಟಿ ತೋರಿಸಿದಳು.

“ಹಾಳಾಗಿ ಹೋಗ್ಲಿ. ನಮ್ಮ ಷೇರೆಲ್ಲಾ ಮಾರಿ ಆ ಕಂಪನಿಗೇ ಹಾಕ್ತೀನಿ.”

“ಮಗಳ ದುಡ್ಡು ಕಣ್ರೀ ಅದು!”

“ಮಗಳಿಗೋಸ್ಕರವೇ ಕಣೇ.”

“ಸುಳ್ಳು ಹೇಳ್ಬೇಡಿ. ನನ್ನ ತಂಗಿ ಗಂಡನ ಕಾರಿಗೋಸ್ಕರ!”

ಅಷ್ಟರಲ್ಲಿ ಬ್ರೆಡ್ಡಿಗೆಂದು ಬ್ಯಾಂಕಿನ ಅಕ್ಕ ಬಂದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಬೇಕರಿಯವನಿಗೆ ಷೇರಿನ ಅ ಆ ಇ ಈ ಕಲಿಸಿದ್ದೂ ಅವರೇ. ಹೆಂಡತಿ ಎಲ್ಲವನ್ನೂ ಅವರ ಮುಂದೆ ಸುರಿದಳು.

“ಮಾರು ತಮ್ಮ, ನಿನ್ನಿಷ್ಟ,” ಎಂದರು ಅಕ್ಕ. “ಆ ಕಂಪನಿ ಏನು ಮಾಡುತ್ತೆ?”

ಬೇಕರಿಯವನು ತಲೆ ಕೆರೆದುಕೊಂಡ. “ಅದೇನೋ… ಟೆಕ್ನಾಲಜಿ.”

“ಲಾಭ ಬರ್ತಿದೆಯಾ? ಸಾಲ ಎಷ್ಟಿದೆ?”

“ಗೊತ್ತಿಲ್ಲಕ್ಕ.”

“ಹೆಸರು ಕೊಟ್ಟಿದ್ದು ಯಾರು?”

“ಗುಂಪಲ್ಲಿ ಯಾರೋ.”

“ಅಲ್ಲಪ್ಪಾ, ಮೈದಾ ಮೂಟೆನ ಮೂಸಿ, ಬೆರಳಲ್ಲಿ ಉಜ್ಜಿ ನೋಡ್ದೆ ನೀನು ಒಳಗಿಳಿಸಲ್ಲ. ಮಗಳ ದುಡ್ಡನ್ನ ಏನಂತಲೂ ಗೊತ್ತಿಲ್ಲದ ಮಾಲಿಗೆ ಸುರೀತೀಯಾ?”

“ಏರ್ತಾ ಇದೆಯಲ್ಲಕ್ಕ!”

“ನಿನ್ನಂಥೋರು ಹೊಟ್ಟೆ ಉರ್ಕೊಂಡು ಕೊಳ್ತಿದಾರೆ, ಅದಕ್ಕೇ ಏರ್ತಿದೆ. ಹೊಸಬರು ಬರೋದು ನಿಂತ ದಿನ ಮಾರೋಕೆ ಹೋದ್ರೆ ತಗೊಳ್ಳೋರು ಇರಲ್ಲ. ನಿನ್ನ ಷೇರುಗಳೂ ಬೀಳಬಹುದು, ಬೀಳಲ್ಲ ಅಂತ ನಾನು ಬರ್ಕೊಡಲ್ಲ. ಆದ್ರೆ ಆ ಕಂಪನಿಗಳು ಸೋಪು ಮಾಡ್ತವೆ, ಜನ ಸ್ನಾನ ಮಾಡ್ತಾರೆ. ವರ್ಷಕ್ಕೊಂದ್ಸಲ ಲೆಕ್ಕ ನೋಡು, ಕಂಪನಿ ಚೆನ್ನಾಗಿ ನಡೀತಿದ್ರೆ ಸುಮ್ಮನಿರು. ನಿನಗೆ ದುಡ್ಡು ಬೇಕಾಗಿರೋದು ಮಗಳು ಬೆಳೆದ ಮೇಲೆ. ಏನವಸರ?”

ಬೇಕರಿಯವನು ಮಾರಲಿಲ್ಲ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿಟ್ಟು ನಾದಲು ನಿಂತ. ಹಾಗಂತ ಹೊಟ್ಟೆಕಿಚ್ಚು ಆರಿತೆಂದಲ್ಲ. ರಸ್ತೆಯಲ್ಲಿ ಆ ಕಾರು ಕಂಡಾಗಲೆಲ್ಲ ಅಕ್ಕನನ್ನೂ ಸೇರಿಸಿ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಷಡ್ಡಕ ನಡೆದುಕೊಂಡೇ ಬಂದ. ಮುಖ ಬಾಡಿತ್ತು.

“ಆ ಷೇರು ತಗೊಂಡ್ರಾ ಭಾವ?”

“ಇಲ್ಲ ಮಾರಾಯ. ನಿನ್ನ ಕಾರು ನೋಡಿ ಹೊಟ್ಟೆ ಉರಿದಿದ್ದು ನಿಜ. ಈಗಲೂ ಉರಿಯುತ್ತೆ. ಆದ್ರೆ ಮಗಳ ದುಡ್ಡು, ಧೈರ್ಯ ಬರಲಿಲ್ಲ.”

ಷಡ್ಡಕ ಬೆಂಚಿನ ಮೇಲೆ ಕುಸಿದು ಕೂತ. “ದಿನಾ ಮಾರೋಕೆ ಹಾಕ್ತೀನಿ ಭಾವ, ಕೊಳ್ಳೋರೇ ಇಲ್ಲ. ಬೆಲೆ ದಿನಾ ಕುಸೀತಿದೆ. ಗುಂಪನ್ನೂ ಮುಚ್ಚಿಬಿಟ್ರು. ಲಾಭ ಫೋನಲ್ಲಿ ಕಂಡಿದ್ದಷ್ಟೇ, ಕೈಗೆ ಬರಲೇ ಇಲ್ಲ. ಕಾರು ಸಾಲದ್ದು.” ತಲೆ ತಗ್ಗಿಸಿದ. “ನೀವಾದ್ರೂ ಕೊಂಡ್ರೆ ನನ್ನದು ಸ್ವಲ್ಪ ಹೋಗುತ್ತೇನೋ ಅಂತ ಕೇಳೋಕೆ ಬಂದೆ.”

ಬೇಕರಿಯವನಿಗೆ ಒಂದು ಗಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳುವುದು. ಷಡ್ಡಕ ಕೊನೆಗೆ ಹೇಳಿದ ಮಾತಿನ ಅರ್ಥ ಆಮೇಲೆ ಹೊಳೆಯಿತು. ತಾನು ಕೊಂಡಿದ್ದರೆ ಮಗಳ ಓದು ಇವನ ಹಳ್ಳ ತುಂಬಲು ಹೋಗುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಷಡ್ಡಕ ಕಾರಿನ ಸಾಲದ ನೋಟಿಸು ತೆಗೆದು ಅವನ ಮುಂದೆ ಹಿಡಿದ.

“ಒಂದು ಟೀ ಮಾಡೇ,” ಎಂದ ಹೆಂಡತಿಗೆ. “ಕುಡಿದು ಇವನನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗ್ತೀನಿ. ಇರೋ ಸಾಲಕ್ಕೆ ದಾರಿ ಹುಡುಕೋಣ.”

ಅಣ್ಣಂದಿರೇ, ಅಕ್ಕಂದಿರೇ, ಪಕ್ಕದವರ ಲಾಭ ಕೇಳಿದರೆ ಹೊಟ್ಟೆ ಉರಿಯುತ್ತದೆ. ಉರಿಯಲಿ, ತಪ್ಪಿಲ್ಲ. ಆ ಉರಿಯಲ್ಲಿ ಷೇರು ಮಾತ್ರ ಕೊಳ್ಳಬೇಡಿ. ಸಾಲದ ದುಡ್ಡು, ನಾಳೆಯೇ ಬೇಕಾದ ದುಡ್ಡು ಷೇರಿಗೆ ಹಾಕಬೇಡಿ. ಕಂಪನಿ ಏನು ಮಾಡುತ್ತದೆಂದು ತಿಳಿಯದೆ ಹಾಕಲೇಬೇಡಿ. ತಿಳಿದು ಕೊಂಡಿದ್ದರೆ ಅದಕ್ಕೆ ವರ್ಷಗಳ ಕಾಲಾವಕಾಶ ಕೊಡಿ. ಯಾರಾದರೂ ‘ಬೇಗ ಕೊಳ್ಳಿ, ಬೇಗ ಕೊಳ್ಳಿ’ ಎಂದು ಅವಸರ ಮಾಡಿದರೆ ಒಂದೇ ಒಂದು ಪ್ರಶ್ನೆ ಕೇಳಿ: “ನೀವು ಮಾರ್ತಾ ಇದೀರಾ?”