ಗೌನಿನ ಅಳತೆ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಇಂಚಕ್ಕ ಎನ್ನುತ್ತಿದ್ದರು. ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಬಿಚ್ಚಿ ಮತ್ತೆ ಹೊಲಿಸುವ ಹೆಂಗಸು. ಬಟ್ಟೆಯಲ್ಲಿ ಸುಳ್ಳು ಸಹಿಸದವಳು ತಂಗಿಗೆ ಮಾತ್ರ ಎಂಟು ತಿಂಗಳಿಂದ ಒಂದೇ ಸುಳ್ಳು ಹೇಳುತ್ತ ಬಂದಿದ್ದಳು: "ಆಪರೇಷನ್ ಆದ್ಮೇಲೆ ಆರಾಮಾಗಿದ್ದೀನಿ ಕಣೇ."

ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ಕಾಟ ಅಕ್ಕತಂಗಿ ಇಬ್ಬರಿಗೂ ಇತ್ತು. ಅಕ್ಕನಿಗೆ ಡಾಕ್ಟರು ಒಳಗೊಂದು ಪ್ಲಾಸ್ಟಿಕ್ ಜಾಲರಿಯ ಪಟ್ಟಿ ಕೂರಿಸಿದರು. ಸೋರುವುದು ನಿಂತಿತು, ಅದು ನಿಜ. ಆದರೆ ಕೂತರೆ ಸಾಕು, ಸೂಜಿ ಚುಚ್ಚಿದ ಹಾಗೆ ನೋವು. ಹತ್ತಿರ ಬಂದ ಗಂಡ "ಏನೋ ಗೀರಿತು" ಎಂದು ಬೆಚ್ಚಿದ ಮೇಲೆ ಅವಳು ಹಾಸಿಗೆಯನ್ನೇ ಬೇರೆ ಮಾಡಿಕೊಂಡಳು. ಡಾಕ್ಟರು ಪರೀಕ್ಷೆ ಕೂಡ ಮಾಡದೆ, "ವಯಸ್ಸಾಯ್ತಲ್ಲಮ್ಮಾ" ಎಂದು ಮುಲಾಮು ಬರೆದುಕೊಟ್ಟರು. ಸಿಟ್ಟಿಗೆ ಮೈಯೆಲ್ಲ ಉರಿದರೂ ಬಾಯಿಗೆ ಬೀಗ ಹಾಕಿಕೊಂಡು ಬಂದಳು. ಇಂಥ ಜಾಗದ ನೋವನ್ನು ಯಾರ ಮುಂದೆ ಹರವುವುದು?

ಸ್ಕೂಲ್ ಟೀಚರಾಗಿರುವ ತಂಗಿ ಈಗ ಬಟ್ಟೆ ಹಿಡಿದು ಎದುರಿಗೆ ನಿಂತಿದ್ದಳು.

"ನಿನ್ನ ನೋಡೇ ಧೈರ್ಯ ಬಂತಕ್ಕ. ಸೋಮವಾರ ನಂಗೂ ಅದೇ ಪಟ್ಟಿ. ಆಸ್ಪತ್ರೆಗೆ ಒಂದು ಸಡಿಲ ಗೌನು ಬೇಕು. ಇನ್ಮೇಲೆ ಕ್ಲಾಸಲ್ಲಿ ಜೋರಾಗಿ ಸೀನ್ತೀನಿ ನೋಡು!"

ಇಂಚಕ್ಕ ಭುಜ ಅಳೆದಳು, ಎದೆ ಅಳೆದಳು. ಸೊಂಟಕ್ಕೆ ಬಂದಾಗ ಕೈ ಓಡಲಿಲ್ಲ. ತಾನು ಬಿದ್ದ ಬಾವಿಗೆ ಒಡಹುಟ್ಟಿದವಳನ್ನೂ ತಳ್ಳುತ್ತಿದ್ದೇನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

"ನಾನು ಆರಾಮಾಗಿಲ್ಲ," ಎಂದಳು. "ಆ ಪಟ್ಟಿ ಒಳಗಿನ ಚರ್ಮ ಕೊರ್ಕೊಂಡು ಹೊರಗೆ ಬಂದಿದೆ. ಬಟ್ಟೆ ಮುಟ್ಟಿ ಮುಟ್ಟಿ ಸವೆದ ಬೆರಳು ಇದು, ಅಂಚು ಗೊತ್ತಾಗಲ್ವಾ? ಮೆಷಿನ್ ಮುಂದೆ ಕೂರೋದು ಬಿಟ್ಟು ಮೂರು ತಿಂಗಳಾಯ್ತು. ನಿಂತು ಕತ್ತರಿಸ್ತೀನಿ ಅಷ್ಟೇ. ಎಲ್ಲರಿಗೂ ಹೀಗಾಗಲ್ವಂತೆ. ಆದ್ರೆ ಆಗಬಹುದು ಅಂತ ನಂಗ್ಯಾರೂ ಹೇಳಿರ್ಲಿಲ್ಲ. ನಾನೂ ನಿಂಗೆ ಹೇಳ್ಲಿಲ್ಲ."

ತಂಗಿಗೆ ಸಿಟ್ಟೂ ಬಂದಿತ್ತು, ಕಣ್ಣೂ ತುಂಬಿತ್ತು.

"ಊರಿಗೆಲ್ಲ ಹೇಳ್ಬೇಡ, ಸರಿ. ನಂಗೂ ಹೇಳ್ಬಾರ್ದಿತ್ತಾ?"

ಅಕ್ಕನ ಕೈಯಿಂದ ಟೇಪು ಕಿತ್ತುಕೊಂಡು ಅವಳ ಸೊಂಟಕ್ಕೇ ಸುತ್ತಿದಳು.

"ಸೋಮವಾರ ಬೇರೆ ಡಾಕ್ಟರ ಹತ್ರ ಹೋಗೋಣ. ಮೊದ್ಲು ನಿಂದು ನೋಡ್ಲಿ, ನಂದು ಆಮೇಲೆ. ನಾನು ಪಕ್ಕದಲ್ಲೇ ಇರ್ತೀನಿ. ಗೌನು ನಿನ್ನ ಅಳತೆಗೆ ಹೊಲಿಸು."

ಊರಿನವರ ಅಳತೆಯೆಲ್ಲ ಬಾಯಿಪಾಠವಿದ್ದ ಇಂಚಕ್ಕ, ತಂಗಿ ಓದಿ ಹೇಳಿದ ತನ್ನ ಅಳತೆ ಕೇಳಿ ಅಳತೊಡಗಿದಳು. ಎಂಟು ತಿಂಗಳ ನೋವಿನಲ್ಲಿ ಸೊಂಟ ನಾಲ್ಕು ಇಂಚು ಇಳಿದಿತ್ತು.