ಎದ್ದಿರದ ಹಲಗೆ

ಅಣ್ಣಾ ನಗರದ ಜಯಲಕ್ಷ್ಮೀ ಟೀಚರಿಗೆ ಮಗಳ ಮೇಲೆ ಸಿಟ್ಟು ಬಂದದ್ದು ನಿಜ. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂದಿತ್ತು. ಡಿಸೆಂಬರಿನ ಸಂಗೀತ-ನೃತ್ಯ ಸೀಸನ್ನಿನಲ್ಲಿ ಮಗಳು ಅಕ್ಷಯಾಳ ನೃತ್ಯ. ಇಷ್ಟು ವರ್ಷ ವೇದಿಕೆಯ ಪಕ್ಕದಲ್ಲಿ ಕೂತು ತಾಳ ಹಿಡಿದು ಕುಣಿಸಿದವರು ಅಮ್ಮನೇ. ಈ ಸಲ ಅವರ ಬೆರಳುಗಳು ಸೆಟೆದುಕೊಂಡಿವೆ. ಅದಕ್ಕೆ ಅಕ್ಷಯಾ ತಾನೇ ಫೋನ್ ಮಾಡಿ ಬೇರೆಯವರನ್ನು ಒಪ್ಪಿಸಿದ್ದಳು. ಒಪ್ಪಿಸಿದ್ದಾದರೂ ಯಾರನ್ನು? ಪ್ರಣಮ್ಯಾಳನ್ನು.

"ಅವಳೇ ಬೇಕಿತ್ತೇನೇ?"

"ಇಪ್ಪೊ ಅವಂಗದಾನ್ ಬೆಸ್ಟು ಅಮ್ಮಾ," ಎಂದಳು ಮಗಳು, ಎಂದಿನಂತೆ ತಮಿಳಿನಲ್ಲಿ. ಈಗ ಪ್ರಣಮ್ಯಾಳೇ ಎಲ್ಲರಿಗಿಂತ ಮೇಲು ಅನ್ನುವುದು ಸುಳ್ಳಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಟೀಚರ ಭರತನಾಟ್ಯದ ಬ್ಯಾಲೆ ತಂಡದ ಮುಖ್ಯ ನರ್ತಕಿ ಇದೇ ಪ್ರಣಮ್ಯಾ. ಎಗ್ಮೋರಿನಲ್ಲಿ ಹೋಟೆಲ್ ನಡೆಸುವ ಮೋನಪ್ಪನವರ ಮಗಳು. ಏಳನೇ ವಯಸ್ಸಿನಲ್ಲಿ ಬಂದು ಇವರ ಕೈಯಲ್ಲೇ ಬೆಳೆದವಳು. ಆಗ ವಿದೇಶದ ಬ್ಯಾಲೆ ಕಂಪನಿಯೊಂದು ಎರಡು ವರ್ಷದ ಪ್ರವಾಸಕ್ಕೆ ಇಲ್ಲಿಂದ ಒಬ್ಬ ನರ್ತಕಿಯನ್ನು ಹುಡುಕುತ್ತಿತ್ತು. ಹುಡುಗಿ ಗುರುವಿಗೂ ತಿಳಿಸದೆ ಪತ್ರ ಬರೆದಿದ್ದಳು. ಕಂಪನಿಯವರು ಕಾರ್ಯಕ್ರಮ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತ ಮೇಲೆ ತಾನೇ ಟೀಚರಿಗೆ ವಿಷಯ ಗೊತ್ತಾದದ್ದು!

ಅವತ್ತು ಗ್ರೀನ್ ರೂಮಿನಲ್ಲಿ ಪ್ರಣಮ್ಯಾ, "ಟೀಚರ್, ಎಡಮಂಡಿ ಹಿಡ್ಕೊಂಡ ಹಾಗೆ ಉಂಟು. ತಿಲ್ಲಾನ ಸ್ವಲ್ಪ ನಿಧಾನ ಮಾಡ್ತೀರಾ?" ಎಂದು ಕೇಳಿದಳು. "ಆಗಲಿ," ಎಂದರು ಟೀಚರ್.

ಕುಣಿಯುವವಳ ಕಾಲು ಇರುವುದು ಕೂತವಳ ಕೈಯಲ್ಲಿ. ತಾಳ ಓಡಿದರೆ ಗೆಜ್ಜೆ ಓಡಬೇಕು, ಬೇರೆ ದಾರಿಯಿಲ್ಲ. ಕೊನೆಯ ನೃತ್ಯವಾದ ತಿಲ್ಲಾನದ ನಡುವೆ ಪ್ರಣಮ್ಯಾ ಒಮ್ಮೆ ತಿರುಗಿ ಟೀಚರ ಮುಖ ನೋಡಿದಳು. ಟೀಚರಿಗೆ ಅದು ಕಂಡಿತು. ಕಂಡೇ ಅವರು ವೇಗ ಏರಿಸಿದರು. ಬಿಟ್ಟು ಹೋಗುವವಳಿಗೆ ಯಾರ ಕೈಯಲ್ಲಿ ಏನಿದೆ ಎಂದು ಗೊತ್ತಾಗಲಿ ಎಂಬ ಹಟ ಅದು. ಅವಳ ಕಾಲು ಹೋಗಲಿ ಎಂದು ಬಯಸಿರಲಿಲ್ಲ ಅಂತ ಆಮೇಲೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡರು. ಹಾಗೆ ಹೇಳಿಕೊಂಡ ಮಾತ್ರಕ್ಕೆ ನಿದ್ದೆ ಬರುತ್ತದೆಯೇ?

ಹಾರಿ ಇಳಿಯುವಾಗ ಹುಡುಗಿಯ ಮಂಡಿ ತಿರುಚಿತು. ಅವಳು ಬಿದ್ದಲ್ಲಿಂದ ಏಳಲಿಲ್ಲ. ಜನ ಓಡಿ ಬಂದಾಗ ಟೀಚರ ಬಾಯಿಂದ ಬಂದ ಮೊದಲ ಮಾತು, "ಅಲ್ಲಿ ವೇದಿಕೆಯ ಹಲಗೆ ಎದ್ದಿತ್ತು." ಗುರುವಿನ ಮಾತು, ಎಲ್ಲರೂ ನಂಬಿದರು. ಎರಡು ಸಲ ಆಪರೇಷನ್ ಆಯಿತು. ಪ್ರಣಮ್ಯಾ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಎರಡು ವರ್ಷ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತಳು, ಆಮೇಲೆ ಬೇರೆಯವರ ಬಳಿ ಹೋಗಿ ತಾಳ ಕಲಿತಳು. ಸಭಾಗಳಲ್ಲಿ ಎದುರು ಸಿಕ್ಕಾಗ ನಮಸ್ಕಾರ ಮಾಡುತ್ತಿದ್ದಳು. ಈ ಮಹಾತಾಯಿ, "ಮಂಡಿ ಹೇಗಿದೆಮ್ಮಾ?" ಎಂದು ಬೇರೆ ಕೇಳುತ್ತಿದ್ದರು.

ಅಕ್ಷಯಾಳ ಕಾರ್ಯಕ್ರಮ ಮಧ್ಯಾಹ್ನ ಎರಡೂವರೆಗೆ. ಟೀಚರ್ ಗ್ರೀನ್ ರೂಮಿನ ಬಾಗಿಲಿಗೆ ಬಂದಾಗ ಮಗಳು ಪ್ರಣಮ್ಯಾಳ ಹತ್ತಿರ, ಪಾದದ ಗಿಣ್ಣು ನೋಯುತ್ತಿದೆ, ತಿಲ್ಲಾನ "ಕೊಂಜಂ ಮೆದುವಾ", ಸ್ವಲ್ಪ ನಿಧಾನವಾಗಿ, ಇರಲಿ ಎಂದು ಕೇಳುತ್ತಿದ್ದಳು.

"ಆಗಲಿ," ಎಂದಳು ಪ್ರಣಮ್ಯಾ.

ಮುಂದಿನ ಸಾಲಿನಲ್ಲಿ ಕೂತರೂ ಟೀಚರಿಗೆ ನೃತ್ಯ ಕಾಣಲಿಲ್ಲ, ಪ್ರಣಮ್ಯಾಳ ಎರಡು ಕೈಗಳೇ ಕಂಡವು. ತಾನು ಮಾಡಿದ್ದನ್ನೇ ಅವಳೂ ಮಾಡಿದರೆ? ಕೇಳುವ ಬಾಯಿ ತನಗೆಲ್ಲಿದೆ? ಎದ್ದು ನಿಲ್ಲಿಸಿಬಿಡೋಣ ಎಂದುಕೊಂಡರು, ಏಳಲಿಲ್ಲ. ತಿಲ್ಲಾನ ಶುರುವಾಯಿತು. ಪ್ರಣಮ್ಯಾಳ ಕಣ್ಣು ಅಕ್ಷಯಾಳ ಪಾದ ಬಿಟ್ಟು ಕದಲಲಿಲ್ಲ. ಅಕ್ಷಯಾ ಇನ್ನೂ ತಿರುಗಿ ನೋಡುವ ಮೊದಲೇ ತಾಳದ ಕೈ ಕೂದಲೆಳೆಯಷ್ಟು ನಿಧಾನವಾಯಿತು, ಮೃದಂಗ ಅದರ ಹಿಂದೆ ಬಂತು. ಸಭಿಕರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಇಷ್ಟು ಸುಲಭದ ಕೆಲಸವಾಗಿತ್ತಲ್ಲ ಎಂದುಕೊಂಡರು ಟೀಚರ್.

ಮುಗಿದ ಮೇಲೆ ಪ್ರಣಮ್ಯಾ ಒಬ್ಬಳೇ ಕೂತು ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಟೀಚರ್ ಹೋಗಿ ಎದುರು ನಿಂತರು.

"ಪ್ರಣಮ್ಯಾ, ಅವತ್ತು ಹಲಗೆ ಎದ್ದಿರಲಿಲ್ಲ ಕಣೇ."

"ಗೊತ್ತುಂಟು ಟೀಚರ್. ಅದರ ಮೇಲೆ ನಿಂತದ್ದು ನಾನಲ್ವಾ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಗುರುಗಳು ಹಲಗೆ ಅಂದ ಮೇಲೆ ಯಾರು ನಂಬ್ತಾರೆ?" ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದು ಟೀಚರಿಗೆ ಇನ್ನೂ ಕಷ್ಟವಾಯಿತು.

"ತಪ್ಪಾಯ್ತು. ಕ್ಷಮಿಸು."

"ನನಗೆ ಹೇಳಿ ಎಂತ ಪ್ರಯೋಜನ ಟೀಚರ್? ಅಪ್ಪನಿಗೆ ಹೇಳಿ. ನಾನು ನೋಡಿ ಕಾಲು ಇಡ್ಲಿಲ್ಲ ಅಂತ ಅವರು ಇವತ್ತಿಗೂ ಬೈತಾರೆ."

ಸಂಜೆ ಆರಕ್ಕೆ ಟೀಚರ್ ಆಟೋ ಹಿಡಿದು ಎಗ್ಮೋರಿಗೆ ಹೋದರು. ದಾರಿಯಲ್ಲಿ ಎರಡು ಸಲ, ವಾಪಸ್ ತಿರುಗಿಸಪ್ಪಾ ಎನ್ನಲು ಬಾಯಿ ತೆರೆದು ಮುಚ್ಚಿದರು. ಹೋಟೆಲಿನಲ್ಲಿ ಟಿಫಿನ್ ಹೊತ್ತಿನ ಗದ್ದಲ. ಮೋನಪ್ಪನವರು ಗಲ್ಲಾದಿಂದ ಎದ್ದು ಬಂದರು, ಮೂಲೆಯ ಮೇಜನ್ನು ತಾವೇ ಒರೆಸಿ ಕೂರಿಸಿದರು, ತಾವೇ ಹೋಗಿ ಕಾಫಿ ತಂದಿಟ್ಟರು.

"ಅಪರೂಪ ಆಯ್ತು ಟೀಚರ್. ನಮ್ಮ ಹುಡುಗಿ ಇವತ್ತು ಸರಿ ಮಾಡಿದ್ಳಾ?"

"ತುಂಬಾ ಚೆನ್ನಾಗಿ ಮಾಡಿದಳು."

"ಕೈ ಆದ್ರೂ ಸರಿ ಉಂಟಲ್ಲ, ಸಾಕು," ಎಂದು ಅವರು ನಕ್ಕರು. "ಕಾಲಿನ ಮೇಲೆ ಮಾತ್ರ ಅವಳಿಗೆ ಗಮನ ಇರ್ಲಿಲ್ಲ ನೋಡಿ. ನೀವು ಎಷ್ಟು ಕಷ್ಟಪಟ್ಟು ಕಲಿಸಿದ್ರಿ. ಒಂದು ಹಲಗೆ ನೋಡ್ಲಿಲ್ಲ, ಎಲ್ಲ ನೀರುಪಾಲು. ನಿಮ್ಮ ಹತ್ರ ಮುಖ ತೋರಿಸ್ಲಿಕ್ಕೆ ನನಗೇ ನಾಚಿಕೆ ಆಗ್ತದೆ."

ಟೀಚರ್ ಲೋಟವನ್ನು ಬಾಯಿಯವರೆಗೆ ಒಯ್ದು ಕೆಳಗಿಟ್ಟರು. ಇಡುವಾಗ ಸೆಟೆದ ಬೆರಳಿನಲ್ಲಿ ಲೋಟ ವಾಲಿ ಕಾಫಿ ಮೇಜಿನ ಮೇಲೆ ಚೆಲ್ಲಿತು, ಮೋನಪ್ಪನವರು ಮತ್ತೆ ಬಟ್ಟೆಗೆ ಕೈ ಚಾಚಿದರು.

"ಅದು ಹಾಗಿರಲಿ ಮೋನಪ್ಪನವರೇ, ನೀವು ಕೂತುಕೊಳ್ಳಿ," ಎಂದರು ಜಯಲಕ್ಷ್ಮೀ. ಅವರು ಕೂತರು.

"ಅವತ್ತು ಹಲಗೆ ಎದ್ದಿರಲಿಲ್ಲ."