ಒಂಟಿ ಮರದ ಬಳಿ ಎಡಕ್ಕೆ

ಊರಾಚೆಯ ಕಾಲುದಾರಿಗಳಲ್ಲಿ ನಡೆಯುವವರಿಗೆ ದಾರಿ ಹೇಳುವ ಕಾಗದ ಬರೆಯುತ್ತಿದ್ದ ಆ ಗುಂಪಿನಲ್ಲಿ ಒಂದೇ ಕಟ್ಟುನಿಟ್ಟು: ಕಾಗದದ ಪರೀಕ್ಷೆಯ ದಿನ ಅದನ್ನು ಬರೆದವರು ಹಿಂದೆ ನಡೆಯಬೇಕು, ತುಟಿಪಿಟಕ್ಕೆನ್ನಬಾರದು. ಮಕ್ಕಳು ಓದಿಕೊಂಡು ಮುಂದೆ ಹೋಗಬೇಕು. ಮಕ್ಕಳಿಗೆ ತಿಳಿದರೆ ಲೋಕಕ್ಕೇ ತಿಳಿದಂತೆ.

ಹೋದ ಸಲ ತಾನು ಬರೆದ ಕಾಗದ ಓದಿದ ಮಕ್ಕಳು ಒಂದು ತಿರುವಿನಲ್ಲಿ ದಾರಿ ತಪ್ಪಿದಾಗ ಟೈಲರಕ್ಕ ಕೆಮ್ಮಿದ್ದಳು. ಗುಂಪಿನ ಹಿರಿಯ, ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಣ್ಣ, ಅಲ್ಲಿಗೇ ಪರೀಕ್ಷೆ ನಿಲ್ಲಿಸಿಬಿಟ್ಟಿದ್ದ. "ಈ ಕಾಗದ ಹಿಡ್ಕೊಂಡು ಬರೋ ಎಲ್ಲರ ಹಿಂದೇನೂ ಕೆಮ್ಮೋಕೆ ನೀನು ಹೋಗ್ತೀಯೇನಮ್ಮಾ?" ಎಲ್ಲರೂ ನಕ್ಕಿದ್ದರು. ಆ ವಾರವೆಲ್ಲ ಆಕೆಗೆ ಊಟ ಸೇರಿರಲಿಲ್ಲ.

ಅದಕ್ಕೇ ಇಂದು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೇ ಡ್ರೈವರಣ್ಣನ ಜೊತೆ ಹಿಂದೆ ನಡೆಯುತ್ತಿದ್ದಳು. ಮುಂದೆ ತಂಗಿಯ ಮಗಳು, ನಾಲಿಗೆಯ ಚುರುಕಿಗೆ ಮೆಣಸಿ ಎನ್ನಿಸಿಕೊಂಡವಳು. ಪಕ್ಕದಲ್ಲಿ ಕಾಗದ ಹಿಡಿದ, ದಪ್ಪ ಕನ್ನಡಕದ ಹುಡುಗ ಸೋಡಾಬುಡ್ಡಿ. "ಅಕ್ಕಾ, ನಿನ್ನ ನಂಬಿ ಕಳಿಸ್ತಿದೀನಿ. ಹೇಗೆ ಕರ್ಕೊಂಡು ಹೋದ್ಯೋ ಹಾಗೇ ತಂದು ಒಪ್ಪಿಸು" ಎಂದು ತಂಗಿ ಬಾಗಿಲಲ್ಲಿ ನಿಂತು ಹೇಳಿದ್ದಳು.

"ಒಂಟಿ ಮರ ಸಿಕ್ಕ ಕೂಡಲೇ ಎಡಕ್ಕೆ ತಿರುಗಿ" ಎಂದು ಓದಿದ ಸೋಡಾಬುಡ್ಡಿ.

"ಸಿಗಲಿ, ತಿರುಗೋಣ. ಕಾಗದ ನೋಡ್ತಾ ಮರಕ್ಕೇ ಡಿಕ್ಕಿ ಹೊಡೀಬೇಡ ಕಣೋ" ಎಂದಳು ಮೆಣಸಿ.

ಒಂಟಿ ಮರ ಇರಲಿಲ್ಲ. ಇದ್ದ ಜಾಗದಲ್ಲಿ ಹಸಿ ಮೋಟು, ಹುಲ್ಲಿನ ಮೇಲೆ ಗರಗಸದ ಹೊಟ್ಟು. ಮಕ್ಕಳು ಅದನ್ನು ದಾಟಿ, ದೂರದಲ್ಲಿ ಕಾಣುತ್ತಿದ್ದ ಇನ್ನೊಂದು ಮರದತ್ತ ನಡೆದರು. ಟೈಲರಕ್ಕ ಮೋಟಿನ ಬಳಿಯೇ ನಿಂತುಬಿಟ್ಟಳು. ಆ ಮರ ಇಟ್ಟಿಗೆ ಭಟ್ಟಿಯವನ ಅಂಗಳದ್ದು. ತನ್ನ ಬೇಲಿಯ ಪಕ್ಕ ಜನ ಓಡಾಡಬಾರದೆಂದು ವರ್ಷದಿಂದ ಕಾಲುಕೆರೆದು ಜಗಳಕ್ಕೆ ನಿಂತವನು ಅವನು. ಒಂಟಿ ಮರ ಕಡಿದವನೂ ಅವನೇ ಇರಬೇಕು. ಇರಬೇಕೇ? ಅಥವಾ ತಾನೇ ಯಾವುದೋ ಮರ ನೆನಪಿಟ್ಟುಕೊಂಡು ತಪ್ಪಾಗಿ ಬರೆದೆನೇ? ಆದರೂ ಬಾಯಿ ತೆರೆದಳು. ಡ್ರೈವರಣ್ಣ ತುಟಿಯ ಮೇಲೆ ಬೆರಳಿಟ್ಟ. ಅವಳು ಕರವಸ್ತ್ರವನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಮಕ್ಕಳು ಅಂಗಳದೊಳಗಿದ್ದರು.

ಭಟ್ಟಿಯವನು ಬಗ್ಗಿ ನಾಯಿಯ ಸರಪಳಿ ಕಳಚಿದ.

ನಾಯಿ ಬೊಗಳಲಿಲ್ಲ. ನೇರ ಬಂದು ಮೆಣಸಿಯ ಮುಂಗೈಗೆ ಬಾಯಿ ಹಾಕಿ, ಒದ್ದೆ ಬಟ್ಟೆ ಒದರುವಂತೆ ಒದರಿತು. ಹುಡುಗಿ ಕಿರುಚಿದಳು. ಡ್ರೈವರಣ್ಣ ಧಾವಿಸಿ ಬಂದು ಊರುಗೋಲಿನಿಂದ ಅದರ ಬೆನ್ನಿಗೆ ಬಾರಿಸಿದ; ಕೋಲು ಮುರಿಯಿತು. ಭಟ್ಟಿಯವನು ಸಲಿಕೆ ತಿರುಗಿಸಿ ಹಿಡಿದು ಡ್ರೈವರಣ್ಣನ ಮೊಣಕಾಲಿಗೆ ಹೊಡೆದ. ಒಣಕಟ್ಟಿಗೆ ಸೀಳಿದಂಥ ಸದ್ದು.

"ಊರಿಗೆಲ್ಲ ದಾರಿ ತೋರಿಸ್ತೀಯೇನೋ ಮುದಿಯಾ? ಈಗ ಎದ್ದು ನಡಿ ನೋಡೋಣ!"

ಟೈಲರಕ್ಕನ ಕೈಗೆ ಸಿಕ್ಕಿದ್ದು ಇಟ್ಟಿಗೆ. ನಾಯಿಯ ತಲೆಗೆ ಹೊಡೆದಳು. ಅದು ಹಿಡಿತ ಬಿಡಲಿಲ್ಲ. ಮತ್ತೆ ಹೊಡೆದಳು, ಕಿವಿಯ ಹಿಂದೆ, ಕಣ್ಣಿನ ಮೇಲೆ. ಇಟ್ಟಿಗೆಯ ಕೆಳಗೆ ಮೂಳೆ ಮೆತ್ತಗಾದದ್ದು ಕೈಗೇ ತಿಳಿಯಿತು. ದವಡೆ ಸಡಿಲವಾಯಿತು.

"ನನ್ನ ನಾಯೀನ ಕೊಂದ್ಯೇನೇ!"

ಭಟ್ಟಿಯವನು ಅವಳ ಜುಟ್ಟು ಹಿಡಿದು ಎಳೆದ. ಅವಳು ತಿರುಗಿ ಅವನ ಬಾಯಿಗೇ ಇಟ್ಟಿಗೆ ಬೀಸಿದಳು. ಹಲ್ಲೂ ರಕ್ತವೂ ಒಟ್ಟಿಗೆ ಬಂದವು. ಅವನು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಕುಸಿದ.

"ಸಾಕಮ್ಮಾ, ಬಿದ್ದಾಯ್ತು ಅವನು!" ಡ್ರೈವರಣ್ಣ ನೆಲದಿಂದಲೇ ಕೂಗಿದ.

ಬಿದ್ದದ್ದು ಅವಳಿಗೂ ಕಾಣುತ್ತಿತ್ತು. ಆದರೂ ಅವನು ನೆಲಕ್ಕೆ ಊರಿದ್ದ ಇನ್ನೊಂದು ಕೈಯ ಮೇಲೆ ಶಕ್ತಿಯೆಲ್ಲ ಬಿಟ್ಟು ಕುಕ್ಕಿದಳು. ಒಂದು ಅಂಗಿಗೆ ಕತ್ತರಿ ಹಾಕಬೇಕಾದರೂ ಹತ್ತು ಸಲ ಅಳೆಯುವವಳು. ಆ ಏಟಿಗೆ ಮಾತ್ರ ಸರಿಯೋ ತಪ್ಪೋ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ.

ಸೋಡಾಬುಡ್ಡಿ ತನ್ನ ಅಂಗಿ ಬಿಚ್ಚಿ ಮೆಣಸಿಯ ಕೈಗೆ ಸುತ್ತುತ್ತಿದ್ದ. ನೋಡನೋಡುತ್ತಲೇ ಬಟ್ಟೆ ಕೆಂಪಾಯಿತು. ಡ್ರೈವರಣ್ಣ ತೆವಳಿ ಸಲಿಕೆಯನ್ನು ತನ್ನತ್ತ ಎಳೆದುಕೊಂಡ. "ನನ್ನ ಬಿಡಿ. ಮಗೂನ ಮೊದಲು ಆಸ್ಪತ್ರೆಗೆ ಸೇರಿಸಿ."

"ಬಾ ಕಂದಾ, ಎತ್ಕೋತೀನಿ" ಎಂದು ಟೈಲರಕ್ಕ ಬಗ್ಗಿದಳು.

ಹುಡುಗಿ ಕುಳಿತಲ್ಲೇ ಹಿಂದಕ್ಕೆ ಸರಿದಳು. ನಾಯಿ ಬಂದಾಗಲೂ ಅವಳ ಕಣ್ಣು ಅಷ್ಟು ಅಗಲವಾಗಿರಲಿಲ್ಲ.

"ನಾನು ಕಣೇ, ದೊಡ್ಡಮ್ಮ."

"ಗೊತ್ತು. ಅದನ್ನ ಮೊದಲು ಕೆಳಗೆ ಹಾಕು."

ಟೈಲರಕ್ಕ ಇನ್ನೂ ಇಟ್ಟಿಗೆ ಹಿಡಿದಿದ್ದ ತನ್ನ ಕೈ ನೋಡಿಕೊಂಡಳು. ಹಾಕಬೇಕೆಂದೇ ಇತ್ತು, ಬೆರಳುಗಳು ಬಿಚ್ಚಲಿಲ್ಲ. ಕೊನೆಗೆ ಸೋಡಾಬುಡ್ಡಿ ಬಂದು, ಅವಳ ಮುಖ ನೋಡದೆ, ಒಂದೊಂದೇ ಬೆರಳು ಬಿಡಿಸಿದ.

ಆಮೇಲೆ ಮೆಣಸಿ ಎತ್ತಿಸಿಕೊಂಡಳು. ದೊಡ್ಡಮ್ಮನ ಕುತ್ತಿಗೆಗೆ ಮಾತ್ರ ಕೈ ಹಾಕಲಿಲ್ಲ.